ಸೋಮನ ಹಿಂಗಾಲು

ಕಳೆದ ವಾರ ಸಿರುಗುಪ್ಪದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತೆಂದು ಖುಷಿಯಿಂದ ಕೂತಿದ್ದೆ. ಬಳ್ಳಾರಿ ದಾಟಿ ಸ್ವಲ್ಪ ದೂರ ಹೋಗಿರಬೇಕು, ಪಕ್ಕದಲ್ಲಿದ್ದ ಅಜ್ಜಿ ಕೈಚೀಲದಿಂದ ಸಣ್ಣದೊಂದು ಸೀಸೆ ತೆಗೆದು, ಮೊಣಕಾಲಿಗೆ ಎಣ್ಣೆ ತಿಕ್ಕತೊಡಗಿದರು. ಕರ್ಪೂರದ ವಾಸನೆ ಬಸ್ಸಿಡೀ ಹಬ್ಬಿತು. ಮುಂದಿನ ಸೀಟಿನವರು ತಿರುಗಿ ನೋಡಿ, ಎಲ್ಲಿ ಸಿಗುತ್ತದೆಂದು ಕೇಳಿಯೂ ಬಿಟ್ಟರು. "ಎಲ್ಲೀ ಸಿಗಂಗಿಲ್ಲವ್ವ, ನಾನೇ ಕಾಸೀನಿ" ಎಂದು ಅಜ್ಜಿ ಹೆಮ್ಮೆಯಿಂದ ಹೇಳಿದರು. ಒಳ್ಳೆಯ ಎಣ್ಣೆಯೇ ಇರಬೇಕು. ಆದರೆ ನನಗೆ ಆ ವಾಸನೆ ತಡೆಯಲಾಗಲಿಲ್ಲ. ಕಿಟಕಿಯ ಗಾಜು ಸರಿಸಿ ಹೊರಗೆ ಮುಖ ಹಾಕಿ ಕೂತೆ. ಅದರ ಹಿಂದೆ ಒಂದು ನಾಯಿಯ ಕಥೆ ಇದೆ. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ.

ನಾನು ಬಳ್ಳಾರಿಯ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್. ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಮೇಲೆ ಗುರುತು ಹಾಕಿ, ಮಿಷನ್ನು ಹಿಡಿದು ಒಂದೇ ಸಲಕ್ಕೆ ಕತ್ತರಿಸುವುದು ನನ್ನ ಕೆಲಸ. ಊರಿನ ಅರ್ಧ ಜನ ನಾನು ಕತ್ತರಿಸಿದ ಪ್ಯಾಂಟು ಹಾಕಿಕೊಂಡು ಓಡಾಡುತ್ತಾರೆಂದು ನಾನು ಹೇಳುವುದುಂಟು, ನಂಬುವವರು ಕಡಿಮೆ. ಮನೆಯಲ್ಲಿ ನಾನು, ಹೆಂಡತಿ ಶಾರದಾ, ಮತ್ತು ಸೋಮ. ಸೋಮನನ್ನು ತಂದದ್ದು ಸಿರುಗುಪ್ಪದಿಂದ. ಅಲ್ಲಿ ನನ್ನ ಅಕ್ಕನ ಮನೆ ಇದೆ. ಮನೆಯ ಹಿಂದಿನ ರೈಸ್ ಮಿಲ್ಲಿನ ಹೊಟ್ಟಿನ ಗುಡ್ಡೆಯೊಳಗಿಂದ ಒಂದು ಸೋಮವಾರ ಬೆಳಿಗ್ಗೆ ಕುಂಯ್‌ಗುಟ್ಟುತ್ತ ಹೊರಬಂದ ಮರಿ ಅದು. ಮೈತುಂಬ ಹೊಟ್ಟು ಮೆತ್ತಿಕೊಂಡಿತ್ತು. ಕೊಡವಿದರೂ ಬಣ್ಣ ಬದಲಾಗಲಿಲ್ಲ, ಏಕೆಂದರೆ ಅದರ ಬಣ್ಣವೇ ಹೊಟ್ಟಿನದು. ಚೀಲದಲ್ಲಿ ಹಾಕಿಕೊಂಡು ಬಂದೆ. ಶಾರದಾ ಬಾಗಿಲಲ್ಲೇ ನಿಲ್ಲಿಸಿದಳು.

"ನಾಯಿ ಒಳಗ ಬಂದ್ರ ನಾ ಹೊರಗ ಹೊಕ್ಕೀನಿ ನೋಡ್ರಿ."

ನಾಯಿ ಒಳಗೆ ಬಂತು. ಅವಳು ಹೊರಗೆ ಹೋಗಲಿಲ್ಲ. ಆದರೆ ಮೂರು ವರ್ಷ ಅದನ್ನು ಹೆಸರು ಹಿಡಿದು ಕರೆಯಲೂ ಇಲ್ಲ. "ನಿಮ್ಮ ನಾಯಿ" ಎಂದೇ ಹೇಳುತ್ತಿದ್ದಳು.

ಆಮೇಲೆ ಅವಳಿಗೆ ಲಕ್ವಾ ಹೊಡೆಯಿತು. ದೊಡ್ಡದಲ್ಲ ಎಂದರು ಆಸ್ಪತ್ರೆಯಲ್ಲಿ. ಆದರೆ ಎಡಗೈ, ಎಡಗಾಲು ಮಾತು ಕೇಳುವುದನ್ನು ಬಿಟ್ಟವು. ದಿನಾ ನಡೆಯಬೇಕು, ನಡೆದಷ್ಟೂ ಒಳ್ಳೆಯದು ಎಂದು ಹೇಳಿ ಕಳಿಸಿದರು. ಮನೆಗೆ ಬಂದವಳು ಕುರ್ಚಿ ಹಿಡಿದು ಕೂತಳು. ನಾನು ಬೇಡಿಕೊಂಡೆ, ಬೈದೆ, ಒಮ್ಮೆ ಅತ್ತೂಬಿಟ್ಟೆ. ಗೋಡೆಗೆ ಹೇಳಿದಂತಾಯಿತು. ಓಣಿಯವರ ಎದುರು ಕಾಲೆಳೆದುಕೊಂಡು ಹೋಗಲು ಅವಳಿಗೆ ನಾಚಿಕೆ. ಆದರೆ ಸೋಮನಿಗೆ ನಾಚಿಕೆ ಗೀಚಿಕೆ ಗೊತ್ತಿರಲಿಲ್ಲ. ನಾನು ಕೆಲಸಕ್ಕೆ ಹೋದ ಮೇಲೆ ತನ್ನ ಹಗ್ಗವನ್ನು ಬಾಯಲ್ಲಿ ಕಚ್ಚಿಕೊಂಡು ಬಂದು ಅವಳ ತೊಡೆಯ ಮೇಲೆ ಹಾಕಿ, ಎದುರು ಕೂತು ನೋಡುತ್ತಿತ್ತಂತೆ. ಒದರುತ್ತಿರಲಿಲ್ಲ, ಬರೀ ನೋಡುತ್ತಿತ್ತು. ನಾಯಿ ಹಾಗೆ ನೋಡುವುದನ್ನು ಎಷ್ಟು ಹೊತ್ತು ತಡೆದುಕೊಳ್ಳಬಹುದೋ ನಿಮಗೇ ಗೊತ್ತು. ಅವಳು ನಾಲ್ಕು ದಿನ ತಡೆದಳು. ಐದನೆಯ ದಿನ ಎದ್ದಳು. ಅವಳು ಬಾಗಿಲ ತನಕ ಹೋದರೆ ಅದೂ ಬಾಗಿಲ ತನಕ, ಅವಳು ನಿಂತರೆ ಅದೂ ನಿಲ್ಲುವುದು. ಬೇರೆ ಹೊತ್ತಿನಲ್ಲಿ ಬೆಕ್ಕು ಕಂಡರೆ ಹಗ್ಗ ಕಿತ್ತುಕೊಂಡು ಓಡುವ ಪ್ರಾಣಿ, ಅವಳ ಜೊತೆಗೆ ಮಾತ್ರ ಮದುವಣಗಿತ್ತಿಯಂತೆ ಹೆಜ್ಜೆ ಇಡುತ್ತಿತ್ತು. ಆರು ತಿಂಗಳಾಗುವಷ್ಟರಲ್ಲಿ ಇಬ್ಬರೂ ಕೋಟೆ ಗುಡ್ಡದ ಬುಡದ ತನಕ ಹೋಗಿ ಬರುತ್ತಿದ್ದರು. ಅಷ್ಟರಲ್ಲಿ "ನಿಮ್ಮ ನಾಯಿ" ಎನ್ನುವುದು ನಿಂತು, "ನಮ್ಮ ಸೋಮ" ಆಗಿತ್ತು. ನಾನು ಮನೆಗೆ ಬರುವುದು ತಡವಾದರೆ ನನಗಿಂತ ಮೊದಲು ಸೋಮನಿಗೆ ಊಟವಾಗಿರುತ್ತಿತ್ತು.

ಅಂಥ ಸೋಮನಿಗೆ ಹನ್ನೊಂದನೆಯ ವರ್ಷದಲ್ಲಿ ಹಿಂಗಾಲು ಸೋತವು. ಮೊದಲು ನಾವು ಗಮನಿಸಲಿಲ್ಲ. ಮನೆಗೆ ನುಣ್ಣನೆಯ ಗ್ರಾನೈಟು ಹಾಕಿಸಿದ್ದೆವು. ಅದರ ಮೇಲೆ ಜಾರಿದರೆ ವಯಸ್ಸಾಯಿತು ಎಂದು ನಕ್ಕೆವು. ಒಂದು ಬೆಳಿಗ್ಗೆ ಸೋಮ ಮುಂಗಾಲು ಊರಿ ಎದ್ದ, ಹಿಂದಿನ ಭಾಗ ಏಳಲೇ ಇಲ್ಲ. ತಿರುಗಿ ತನ್ನ ಸೊಂಟವನ್ನು ತಾನೇ ನೋಡಿಕೊಂಡ, ಅದು ಯಾರದೋ ಎನ್ನುವಂತೆ.

ಡಾಕ್ಟರ ಹತ್ತಿರ ಹೋಗೋಣವೆಂದು ಶಾರದಾ ಅಂದಳು. ಹೋಗೋಣ, ಅದಕ್ಕೂ ಮೊದಲು ಒಂದೆರಡು ನ್ಯಾಚುರಲ್ ಔಷಧಿ ನೋಡೋಣ ಅಂದೆ ನಾನು. ಇಂಜೆಕ್ಷನ್ನು, ಗುಳಿಗೆ ಎಂದರೆ ನನಗೆ ಮೊದಲಿನಿಂದಲೂ ಅಪನಂಬಿಕೆ. ಗಿಡದಿಂದ ಬಂದದ್ದು ಒಳ್ಳೆಯದು ಮಾಡದಿದ್ದರೂ ಕೆಟ್ಟದ್ದು ಮಾಡುವುದಿಲ್ಲ ಎನ್ನುವುದು ನನ್ನ ಸಿದ್ಧಾಂತ. ಈ ಸಿದ್ಧಾಂತವನ್ನು ನಾನು ಯೂನಿಟ್ಟಿನಲ್ಲಿ ಚಹಾ ಹೊತ್ತಿಗೆ ಹಲವರಿಗೆ ಬೋಧಿಸಿದ್ದೆ. ಹಾಗಾಗಿ ಹತ್ತು ದಿನ ನಮ್ಮ ಮನೆ ಔಷಧಾಲಯವಾಯಿತು. ಮೊಬೈಲಿನಲ್ಲಿ ನೋಡಿ ಒಂದು ಡಬ್ಬಿ ಮೀನೆಣ್ಣೆ, ಒಂದು ಡಬ್ಬಿ ಪುಡಿ ತರಿಸಿದೆ. ಪುಡಿಯ ಡಬ್ಬಿಯ ಮೇಲೆ ಬೇಲಿ ಹಾರುವ ನಾಯಿಯ ಚಿತ್ರ. ಅರಿಸಿನ, ಕೊಬ್ಬರಿ ಎಣ್ಣೆ, ಮೆಣಸು ಕಲಸಿ ಉಂಡೆ ಕಟ್ಟಿದೆ. ಸೋಮ ಅದನ್ನು ಉಗುಳಿ, ನಮ್ಮ ಬಿಳಿ ಗೋಡೆಯನ್ನು ಹಳದಿ ಮಾಡಿದ. ಬೇಲಿ ಹಾರುವುದಿರಲಿ, ಹೊಸ್ತಿಲು ದಾಟುವುದೂ ಆಗಲಿಲ್ಲ.

ಆಗ ನನಗೆ ಅಕ್ಕನ ಎಣ್ಣೆ ನೆನಪಾಯಿತು. ಸಿರುಗುಪ್ಪದಲ್ಲಿ ಅಕ್ಕನ ಓಣಿಯ ಹೆಂಗಸರ ಮೊಣಕಾಲೆಲ್ಲ ನಿಂತಿರುವುದು ಅವಳ ಎಣ್ಣೆಯ ಮೇಲೆ. ಎಳ್ಳೆಣ್ಣೆ, ಹರಳೆಣ್ಣೆಗೆ ಕರ್ಪೂರ, ನೀಲಗಿರಿ, ಇನ್ನೂ ಏನೇನೋ ಹಾಕಿ ಕಾಸುತ್ತಾಳೆ. ಫೋನು ಮಾಡಿದರೆ ಅಂದೇ ಬಸ್ಸಿನ ಕಂಡಕ್ಟರ ಕೈಯಲ್ಲಿ ದೊಡ್ಡ ಸೀಸೆ ಕಳಿಸಿದಳು. ನಾಯಿಗೆ ಎಂದು ನಾನು ಹೇಳಿರಲಿಲ್ಲ. ಸೊಂಟಕ್ಕೆ ಎಂದಷ್ಟೇ ಹೇಳಿದ್ದೆ.

ಮರುದಿನ ಭಾನುವಾರ. ಬಿಸಿಲಲ್ಲಿ ಸೋಮನನ್ನು ಮಲಗಿಸಿ ಧಾರಾಳವಾಗಿ ತಿಕ್ಕಿದೆ. ಸೋಮ ಸುಮ್ಮನೆ ತಿಕ್ಕಿಸಿಕೊಂಡ. ನಾನು ಕೈ ತೊಳೆಯಲು ಹೋದಾಗ, ನಾಯಿ ಮಾಡುವ ಕೆಲಸವನ್ನೇ ಮಾಡಿದ. ಮೈಯನ್ನು ನೆಕ್ಕಿ ನೆಕ್ಕಿ ಸ್ವಚ್ಛ ಮಾಡಿಕೊಂಡ. ಮಧ್ಯಾಹ್ನದ ಊಟಕ್ಕೆ ಕೂತಿದ್ದೆವು. ಮೊದಲು ವಾಂತಿ. ಆಮೇಲೆ ಇಡೀ ಮೈ ನಡುಗತೊಡಗಿತು. ಕಣ್ಣು ತೆರೆದೇ ಇತ್ತು, ಆದರೆ ಶಾರದಾ ಕರೆದರೆ ಅವಳ ಕಡೆ ತಿರುಗಲಿಲ್ಲ.

ಆಟೋದಲ್ಲಿ ಕ್ಲಿನಿಕ್ಕಿಗೆ ಹೊತ್ತೊಯ್ದೆವು. ಡಾಕ್ಟರು ಮೈಸೂರು ಕಡೆಯ ಹೆಣ್ಣುಮಗಳು, ಮೆಲ್ಲಗೆ ಮಾತಾಡುವವರು. ಹೊಟ್ಟೆಗೆ ಏನು ಹೋಗಿದೆ ಎಂದು ಕೇಳಿದರು.

"ಏನಿಲ್ರಿ ಮೇಡಂ. ಎಣ್ಣಿ ಹಚ್ಚಿದ್ದೆ ಅಷ್ಟೇ. ಎಲ್ಲಾ ನ್ಯಾಚುರಲ್ಲು."

ಅವರು ಸೋಮನ ಮೈ ಮೂಸಿ ನೋಡಿ ನನ್ನ ಕಡೆ ತಿರುಗಿದರು. "ಎಕ್ಕದ ಹಾಲೂ ನ್ಯಾಚುರಲ್ಲೇ ಅಲ್ವಾ ಸರ್? ಕಣ್ಣಿಗೆ ಹಾಕ್ಕೋತೀರಾ?"

ಕರ್ಪೂರವೂ ಅಂಥ ಎಣ್ಣೆಗಳೂ ನಾಯಿಯ ಹೊಟ್ಟೆಗೆ ಹೋದರೆ ವಿಷವೆಂದು ಆವತ್ತು ತಿಳಿಯಿತು. ಸೋಪು ಹಾಕಿ ಮೈ ತೊಳೆದರು, ಡ್ರಿಪ್ ಹಚ್ಚಿದರು. ಎರಡು ದಿನ ಅಲ್ಲೇ ಇಟ್ಟುಕೊಂಡರು. ಯೂನಿಟ್ಟಿನಲ್ಲಿ ಯಾರಾದರೂ ಕೇಳಿದರೆ "ಏನೋ ತಿಂದಿತ್ತು" ಎಂದೆ. ನನ್ನ ಕೈಯ ವಾಸನೆ ಮಾತ್ರ ಹೋಗಲಿಲ್ಲ. ಅಥವಾ ಹೋಗಿತ್ತೋ ಏನೋ, ನನಗೆ ಹೋಗಲಿಲ್ಲ.

ಮೂರನೆಯ ದಿನ ಸೋಮ ಶಾರದಾಳ ಬೆರಳು ನೆಕ್ಕಿದ. ಡಾಕ್ಟರು ಎಕ್ಸ್‌ರೇ ತೋರಿಸಿದರು: ಸೊಂಟದ ಎರಡೂ ಕೀಲು ಸವೆದಿವೆ, ಬೆನ್ನಿನ ಎಲುಬೂ ನರವನ್ನು ಒತ್ತುತ್ತಿದೆ. ನೋವಿಗೆ ಔಷಧಿ ಕೊಟ್ಟರು. ತೂಕ ಇಳಿಸಿ, ಜಾರುವ ನೆಲದ ಮೇಲೆ ಬಿಡಬೇಡಿ, ಸೊಂಟಕ್ಕೆ ಪಟ್ಟಿ ಹಾಕಿ ಎತ್ತಿ ನಡೆಸಿ ಎಂದರು. ಆಮೇಲೆ ಇನ್ನೂ ಮೆಲ್ಲಗೆ, "ಒಂದು ತಿಂಗಳು ನೋಡೋಣ. ನೋವೇ ಜಾಸ್ತಿ ಆದ್ರೆ ಅದನ್ನ ಕಷ್ಟದಲ್ಲಿ ಇಟ್ಕೊಳ್ಳೋದು ಬೇಡ" ಎಂದರು. ಅದರ ಅರ್ಥ ಇಬ್ಬರಿಗೂ ಆಯಿತು.

ಶಾರದಾ ಎದ್ದು ನಿಂತಳು. "ನನ್ನ ನಡಿಸಿದ್ದು ಅದು, ಡಾಕ್ಟ್ರಮ್ಮ. ನಾನೂ ಒಂದ್ ಕೈ ನೋಡ್ತೀನಿ. ಏನೇನ್ ಮಾಡ್ಬೇಕು, ಒಂದೊಂದಾ ಹೇಳ್ರಿ, ಬರ್ಕೊಂತೀನಿ."

ಬರೆದುಕೊಂಡಳು. ಒಂದು ಸಲಕ್ಕೆ ಒಂದೇ ಹೊಸದು, ಒಂದು ವಾರ ನೋಡಿ ಆಮೇಲೆ ಇನ್ನೊಂದು. ಅದು ಡಾಕ್ಟರ ಮಾತು. ನಾನು ತರಿಸಿದ್ದ ಡಬ್ಬಿಗಳನ್ನೆಲ್ಲ ಅವರ ಮುಂದಿಟ್ಟೆವು. ಬೇಲಿ ಹಾರುವ ನಾಯಿಯನ್ನು ಪಕ್ಕಕ್ಕೆ ಸರಿಸಿ, ಮೀನೆಣ್ಣೆ ಬೇಕಾದರೆ ಕೊಡಿ ಎಂದು ಅಳತೆ ಬರೆದುಕೊಟ್ಟರು.

ಅಕ್ಕನಿಗೆ ಹೇಗೆ ಹೇಳುವುದು? ನನಗೆ ಧೈರ್ಯ ಬರಲಿಲ್ಲ. ಶಾರದಾ ಫೋನಿನಲ್ಲಿ ನೇರವಾಗಿ ಹೇಳಿಬಿಟ್ಟಳು: ನಿಮ್ಮ ತಮ್ಮ ನಿಮ್ಮ ಎಣ್ಣೆಯನ್ನು ನಾಯಿಗೆ ಹಚ್ಚಿ ಹೀಗೆ ಮಾಡಿದರು ಎಂದು. ಮರುದಿನ ಹತ್ತು ಗಂಟೆಗೆ ಅಕ್ಕನೇ ಬಾಗಿಲಲ್ಲಿ ಇದ್ದಳು, ತಲೆಯ ಮೇಲೊಂದು ದೊಡ್ಡ ಗಂಟು. ನನ್ನನ್ನು ನೋಡಿದವಳೇ, "ಲೇ ಹುಚ್ಚಾ, ನಾಯಿಗೆ ಅಂತ ಒಂದ್ ಮಾತು ಹೇಳಬಾರದೇನಲೇ? ಹೇಳಿದ್ರ ಕೊಡ್ತಿದ್ನಾ?" ಎಂದಳು. ಗಂಟು ಬಿಚ್ಚಿದರೆ ರೈಸ್ ಮಿಲ್ಲಿನ ಗೋಣಿಚೀಲಗಳು, ತೊಳೆದು ಒಣಗಿಸಿದ್ದು. "ನೆಲ ಜಾರ್ತೈತಿ ಅಂತ ಶಾರದಾ ಅಂದ್ಲು. ಇದರ ಮ್ಯಾಲೆ ಆನೀನೂ ಜಾರಂಗಿಲ್ಲ." ಸಂಜೆಯೊಳಗೆ ಇಬ್ಬರೂ ಕೂತು ಗೋಣಿಗಳನ್ನು ಒಂದಕ್ಕೊಂದು ಹೊಲಿದು, ನಮ್ಮ ಗ್ರಾನೈಟಿನ ಮೇಲೆ ಅಡುಗೆಮನೆಯಿಂದ ಅಂಗಳದ ತನಕ ಒಂದು ರಸ್ತೆಯನ್ನೇ ಹಾಸಿದರು. ಆ ಹೊಳಪಿನ ನೆಲಕ್ಕಾಗಿ ನಾನು ಎಷ್ಟು ಒದ್ದಾಡಿದ್ದೆನೆಂದು ನಿಮಗೆ ಹೇಳಿ ಪ್ರಯೋಜನವಿಲ್ಲ. ಸೋಮ ಆ ರಸ್ತೆಯ ಮೇಲೆ ಉಗುರು ಊರಿದ. ಅರ್ಧ ಎದ್ದ. ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು.

ಸೊಂಟದ ಪಟ್ಟಿ ನನ್ನ ಪಾಲಿಗೆ ಬಂತು. ಜೀನ್ಸ್ ಬಟ್ಟೆ ಇದೆ, ಕತ್ತರಿ ಇದೆ, ಇಪ್ಪತ್ತೈದು ವರ್ಷದ ಅನುಭವ ಇದೆ. ಒಂದು ನಾಯಿಯ ಸೊಂಟ ಯಾವ ಲೆಕ್ಕ ಎಂದುಕೊಂಡೆ. ಟೇಪು ಹಿಡಿದು ಪ್ಯಾಂಟಿಗೆ ತೆಗೆದಂತೆ ಅಳತೆ ತೆಗೆದೆ. ಹೊಲಿದು ಹಾಕಿ ಎತ್ತಿದರೆ ಪಟ್ಟಿ ಎದೆಯ ತನಕ ಜಾರಿತು, ಸೋಮ ಅದರಲ್ಲಿ ತೊಟ್ಟಿಲಿನ ಕೂಸಿನಂತೆ ತೂಗಾಡಿದ. ಎರಡನೆಯದು ಜಾರಲಿಲ್ಲ, ಆದರೆ ಗಂಡು ನಾಯಿ ಎಲ್ಲಿಂದ ಉಚ್ಚೆ ಹೊಯ್ಯುತ್ತದೆಂಬುದನ್ನು ನಾನು ಮರೆತಿದ್ದೆ. ಪಟ್ಟಿ ಸರಿಯಾಗಿ ಅಲ್ಲೇ ಒತ್ತುತ್ತಿತ್ತು. ಪಾಪ, ಸೋಮ ಕಂಬದ ತನಕ ಹೋಗಿ, ನನ್ನ ಮುಖ ನೋಡಿ, ವಾಪಸ್ಸು ಬರುತ್ತಿದ್ದ. "ಮಾಸ್ಟರ್ ಅಂತ ಮಾಸ್ಟರ್" ಎಂದಳು ಶಾರದಾ. ಮೂರನೆಯದಕ್ಕೆ ಎರಡು ಕಾಲು ತೂರಿಸುವ ತೂತು, ನಡುವೆ ಅಗಲದ ಜಾಗ, ಒಳಗೆ ಮೆತ್ತಗಿನ ಹಳೆ ಬನಿಯನ್ನು, ಮೇಲೆ ಹಿಡಿಕೆ. ಅದು ಕೂತಿತು. ಹಳೆ ಪ್ಯಾಂಟಿನ ಕಾಲುಗಳಲ್ಲಿ ಅಕ್ಕಿ ತುಂಬಿ ಬಾಯಿ ಹೊಲಿದು ಶಾಖ ಕೊಡುವ ಚೀಲ ಮಾಡಿದೆವು. ಹಂಚಿನ ಮೇಲೆ ಬೆಚ್ಚಗೆ ಮಾಡಿ, ಮೊದಲು ತನ್ನ ಕೆನ್ನೆಗೆ ಒತ್ತಿ ನೋಡಿ, ಆಮೇಲೆ ಶಾರದಾ ಅದನ್ನು ಸೋಮನ ಸೊಂಟದ ಮೇಲೆ ಇಡುತ್ತಿದ್ದಳು. ಸೋಮ ನಿಟ್ಟುಸಿರು ಬಿಟ್ಟು ಕಣ್ಣು ಮುಚ್ಚುತ್ತಿದ್ದ.

ಕಷ್ಟವಾದದ್ದು ತೂಕ. ಸಂಜೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಂದು ತಿನ್ನುವುದು ಬಳ್ಳಾರಿಯವರ ಜನ್ಮಸಿದ್ಧ ಹಕ್ಕು. ನಾನು ತಿನ್ನುವಾಗ ಸೋಮನ ಪಾಲು ಇದ್ದೇ ಇರುತ್ತಿತ್ತು. ಈಗ ಅವನಿಗೆ ಇಲ್ಲವೆಂದಾಗ ಅವನ ಎದುರು ನನಗೆ ಗಂಟಲಲ್ಲಿ ಇಳಿಯಲಿಲ್ಲ. ನಾನೂ ಬಿಟ್ಟೆ. ಎರಡು ತಿಂಗಳಲ್ಲಿ ಸೋಮ ಇಳಿದ; ನಾನೂ ಇಳಿದೆ. ಯೂನಿಟ್ಟಿನಲ್ಲಿ ನನಗೆ ಶುಗರು ಬಂದಿದೆಯೆಂದು ಸುದ್ದಿಯಾಯಿತು.

ನೋವು ಕಡಿಮೆಯಾಯಿತು, ಡಾಕ್ಟರು ಹೇಳಿದ ಆ ತಿಂಗಳು ಕಳೆದು ಹೋಯಿತು, ಆ ಮಾತು ಮತ್ತೆ ಬರಲಿಲ್ಲ. ಆದರೆ ಎಡ ಹಿಂಗಾಲು ಎಳೆಯುವುದು ನಿಲ್ಲಲಿಲ್ಲ. ಪಟ್ಟಿ ಹಿಡಿದು ಎತ್ತಿ ನಡೆಸಲು ನಾನೇ ಬೇಕು. ಶಾರದಾಳ ಎಡಗೈಗೆ ಅಷ್ಟು ಬಲವಿಲ್ಲ. ಇಬ್ಬರೇ ಮೊದಲಿನಂತೆ ನಡೆದು ಹೋಗಬೇಕೆನ್ನುವುದು ಅವಳ ಹಟ. ಗಾಲಿ ಇರುವ ಗಾಡಿಯೊಂದನ್ನು ಮೊಬೈಲಿನಲ್ಲೇ ತರಿಸಿದೆವು. ಅದು ಯಾವುದೋ ಬೇರೆ ಆಕಾರದ ನಾಯಿಗೆ ಮಾಡಿದ್ದು. ಕಟ್ಟಿದ ಕೂಡಲೇ ಸೋಮ ಪಕ್ಕಕ್ಕೆ ಉರುಳಿದ. ಶಾರದಾ ಅದನ್ನು ಮೂಲೆಗೆ ಇಟ್ಟು, "ಇದನ್ನ ಮಾಡೋರು ನಮ್ಮ ಸೋಮನ್ನ ನೋಡಿಲ್ಲ. ನೋಡಿ ಮಾಡೋರ್ನ ಹುಡುಕ್ರಿ" ಎಂದಳು.

ಹುಡುಕಿದಾಗ ಸಿಕ್ಕವರು ಕುರುಗೋಡಿನ ಹುಸೇನಪ್ಪ. ರಸ್ತೆ ಬದಿಯಲ್ಲಿ ಅವರ ವೆಲ್ಡಿಂಗ್ ಅಂಗಡಿ, ಹಿಂದೆ ಬಂಡೆಗಲ್ಲಿನ ಗುಡ್ಡ. ಐವತ್ತರ ಆಸುಪಾಸಿನ ಮನುಷ್ಯ. ಎಳೆತನದಲ್ಲಿ ಪೋಲಿಯೋ ಆಗಿ ಒಂದು ಕಾಲು ಸಣಕಲಾಗಿತ್ತು. ಊರುಗೋಲು, ಮೂರು ಗಾಲಿಯ ಸೈಕಲ್ಲು, ಎರಡನ್ನೂ ಸ್ವತಃ ಮಾಡಿಕೊಂಡಿದ್ದರು. ಗೂಡ್ಸ್ ಆಟೋದಲ್ಲಿ ಸೋಮನನ್ನು ಕರೆದುಕೊಂಡು ಹೋದೆವು. ಅವರು ಅಳತೆ ತೆಗೆಯಲಿಲ್ಲ. ಸ್ಟೂಲಿನ ಮೇಲೆ ಕೂತು, ಸೋಮ ನೆಲದ ಮೇಲೆ ತೆವಳುವುದನ್ನು, ತಿರುಗುವುದನ್ನು, ನೀರು ಕುಡಿಯುವುದನ್ನು ಒಂದು ತಾಸು ನೋಡಿದರು. ನನಗೆ ತಾಳ್ಮೆ ಕೆಟ್ಟಿತು.

"ಟೇಪ್ ಕೊಡ್ಲೇನ್ರಿ?"

"ತಡೀರಿ ಮಾಸ್ಟರ್ರ. ಅದು ಯಾವ ಕಡಿ ಭಾರ ಹಾಕ್ತೈತಿ ನೋಡಾಕತ್ತೀನಿ. ನನಗ ಮೊದಲ್ನೇ ಊರುಗೋಲು ಮಾಡಿದಾವ ಬರೇ ಉದ್ದ ನೋಡಿ ಮಾಡಿದ್ದ. ಆರು ತಿಂಗ್ಳು ಬಗಲು ಹುಣ್ಣಾಗಿತ್ತು."

ಆಮೇಲೆ ಸೋಮನ ಬೆನ್ನ ಮೇಲೆ ಕೈಯಾಡಿಸಿ, "ಬಲಗಾಲಿನ್ಯಾಗ ಇನ್ನೂ ಜೀವ ಐತಿ. ಅದಕ್ಕ ಕೆಲಸ ಕೊಡಬೇಕು. ಪೂರಾ ಎತ್ತಿಬಿಟ್ರ ಅದೂ ಮಲಕ್ಕೊಂಡ್ ಬಿಡ್ತೈತಿ" ಎಂದರು.

ಹಗುರಾದ ಪೈಪು ಬಗ್ಗಿಸಿ, ಮಕ್ಕಳ ಸೈಕಲ್ಲಿನ ಎರಡು ಗಾಲಿ ಹಾಕಿ, ಕೂರುವ ಜಾಗಕ್ಕೆ ನನ್ನ ಜೀನ್ಸ್ ಪಟ್ಟಿಯನ್ನೇ ಕಟ್ಟಿದರು. ಎಡಗಡೆ ಎತ್ತರ, ಬಲಗಡೆ ಕಾಲು ನೆಲ ತಾಗುವಷ್ಟು ತಗ್ಗು. ಎರಡು ಸಲ ಕರೆಸಿ ತಿದ್ದಿದರು. ಮೂರನೆಯ ಸಲ ಸೋಮನನ್ನು ಅದರಲ್ಲಿ ನಿಲ್ಲಿಸಿದೆವು. ಉರುಳಲಿಲ್ಲ. ಆದರೆ ಚಲಿಸಲೂ ಇಲ್ಲ. ಕಲ್ಲಿನ ಬಸವಣ್ಣನಂತೆ ನಿಂತ. ನಾನು ಬಿಸ್ಕತ್ತು ತೋರಿಸಿದೆ, ಹಿಂದಿನಿಂದ ಮೆಲ್ಲಗೆ ತಳ್ಳಿದೆ. ಸೋಮ ನಡುಗಿದ.

"ತಳ್ಳಬ್ಯಾಡ್ರಿ" ಎಂದರು ಹುಸೇನಪ್ಪ. "ತಳ್ಳಿಸ್ಕೊಂಡಾರಿಗೇ ಗೊತ್ತು ಅದು."

ಶಾರದಾ ಬಂದು ಹಗ್ಗವನ್ನು ತನ್ನ ಎಡಗೈಗೆ ಸುತ್ತಿಕೊಂಡಳು. ಎಳೆಯಲಿಲ್ಲ. ಸೋಮನನ್ನು ತಿರುಗಿ ನೋಡಲೂ ಇಲ್ಲ. ರಸ್ತೆ ಕಡೆ ಮುಖ ಮಾಡಿ ತನ್ನ ಕಾಲನ್ನು ಎಳೆದು ಒಂದು ಹೆಜ್ಜೆ ಇಟ್ಟಳು, ನಿಂತಳು. ಇನ್ನೊಂದು ಇಟ್ಟಳು, ನಿಂತಳು. ಹಗ್ಗ ಸಡಿಲವಾಗಿಯೇ ಇತ್ತು. ಮೂರನೆಯ ಹೆಜ್ಜೆಗೆ ಗಾಲಿ ಕಿರ್ ಎಂದಿತು.

ಸೋಮ ಬಂದ. ಒಂದು ಮೊಳ, ಒಂದು ಮಾರು, ಆಮೇಲೆ ಅಂಗಡಿಯ ನೆರಳು ದಾಟಿ ಬಿಸಿಲಿಗೆ. ಬಲಗಾಲು ನೆಲಕ್ಕೆ ತಾಗಿ ತಾಗಿ ತನ್ನ ಪಾಲು ದುಡಿಯುತ್ತಿತ್ತು. ಹುಸೇನಪ್ಪ ಊರುಗೋಲು ತೆಗೆದುಕೊಂಡು ಗಾಲಿ ನೋಡುತ್ತ ಪಕ್ಕದಲ್ಲೇ ಹೊರಟರು. ಕುರುಗೋಡಿನ ಆ ರಸ್ತೆಯಲ್ಲಿ ಮೂವರೂ ತಮ್ಮ ತಮ್ಮ ಲಯದಲ್ಲಿ ಹೋಗುತ್ತಿದ್ದರು. ಹಿಂದೆ ನಾನು. ನಮ್ಮ ನಾಲ್ವರಲ್ಲಿ ಕಾಲು ನೆಟ್ಟಗಿದ್ದವನು ನಾನೊಬ್ಬನೇ. ಕಣ್ಣು ಮಂಜಾಗಿ ಕಲ್ಲು ಎಡವಿ ಬಿದ್ದವನೂ ನಾನೇ.

ಆ ಗಾಡಿಯಲ್ಲಿ ಸೋಮ ಒಂದೂವರೆ ವರ್ಷ ಓಡಾಡಿದ. ಬೆಳಿಗ್ಗೆ ಶಾರದಾಳ ಜೊತೆ ಕೋಟೆ ಗುಡ್ಡದ ಬುಡದ ತನಕ ಹೋಗುತ್ತಿದ್ದ. ದಾರಿಯ ಚಹಾದಂಗಡಿಯವರು "ಗಾಡಿ ಬಂತ್ರೋ, ಸರೀರಿ" ಎಂದು ಜಾಗ ಬಿಡುತ್ತಿದ್ದರು. ಒಂದು ಚಳಿಗಾಲದ ಬೆಳಿಗ್ಗೆ, ಬಿಸಿಲು ಅಂಗಳಕ್ಕೆ ಬಂದ ಹೊತ್ತಿನಲ್ಲಿ, ಶಾರದಾಳ ಪಾದದ ಮೇಲೆ ತಲೆ ಇಟ್ಟು ಮಲಗಿದವನು ಏಳಲಿಲ್ಲ. ವಯಸ್ಸಾಗಿತ್ತು. ಶಾರದಾ ಬಹಳ ಹೊತ್ತು ಪಾದ ಕದಲಿಸಲಿಲ್ಲ. ಆಮೇಲೆ, "ನಡದೇ ಹೋತು ನೋಡ್ರಿ" ಎಂದಳು. ಮರುದಿನ ಬೆಳಿಗ್ಗೆ ಚಪ್ಪಲಿ ಮೆಟ್ಟಿ ಒಬ್ಬಳೇ ಹೊರಟಳು. ಈಗಲೂ ಹೋಗುತ್ತಾಳೆ.

ಕಳೆದ ವಾರ ನಾನು ಸಿರುಗುಪ್ಪಕ್ಕೆ ಹೊರಟದ್ದು ಅಕ್ಕನ ಮನೆಗಲ್ಲ. ಅಕ್ಕನ ಮೂಲಕ ಸೋಮನ ಸುದ್ದಿ ತಿಳಿದು, ಕಾಲುವೆ ಕಡೆಯ ಓಣಿಯಿಂದ ಒಬ್ಬ ಟೀಚರಮ್ಮ ಫೋನು ಮಾಡಿದ್ದರು. ಅವರ ಹೆಣ್ಣು ನಾಯಿಗೆ ಹಿಂಗಾಲು ಸೋತಿವೆಯಂತೆ, ಸೊಂಟದ ಪಟ್ಟಿ ಹೊಲಿದುಕೊಡಬೇಕಂತೆ. ಹೋದೆ. ನಾಯಿ ಜಗುಲಿಯ ಮೂಲೆಯಲ್ಲಿ ಗೋಡೆಗೆ ಒತ್ತಿಕೊಂಡು ಮಲಗಿತ್ತು. ಡಾಕ್ಟರಿಗೆ ತೋರಿಸಿದಿರಾ ಎಂದು ಕೇಳಿದೆ. ತೋರಿಸಿದ್ದೇವೆ ಎಂದರು. ಏನಾದರೂ ಹಚ್ಚಿದ್ದೀರಾ ಎಂದೆ. ಅವರು ತಲೆ ತಗ್ಗಿಸಿದರು. ಯಾರೋ ಹೇಳಿದ ಎಲೆಯ ರಸ ಹಚ್ಚಿದ್ದರಂತೆ, ಚರ್ಮವೆಲ್ಲ ಕೆಂಪಾಗಿತ್ತು. "ಹೇಳಾಕ ನಾಚ್ಕಿ ಆಗ್ತೈತ್ರಿ ಸರ್. ಓದಿದಾಕಿ ನಾನು" ಎಂದರು.

ಆಗ ಇಷ್ಟು ವರ್ಷ ನಾನಾಗಿ ಯಾರಿಗೂ ಹೇಳದ ಮಾತು ನನ್ನ ಬಾಯಿಂದ ಬಂತು. "ನಾನು ನಮ್ಮ ನಾಯಿಗೆ ವಿಷಾನೇ ಹಚ್ಚಿದ್ದೆ ರೀ. ನನ್ನ ಕೈಯ್ಯಾರೆ. ಪ್ರೀತಿಲೇ ಹಚ್ಚಿದ್ದೆ. ಉಳೀತು. ನಿಮ್ದೂ ಉಳೀತೈತಿ. ಮೊದಲು ಡಾಕ್ಟ್ರಿಗೆ ಫೋನ್ ಮಾಡಿ, ಎಲಿ ರಸ ಹಚ್ಚೀವಿ ಅಂತ ಇದ್ದದ್ದು ಇದ್ದಂಗ ಹೇಳ್ರಿ."

ಅವರು ಒಳಗೆ ಹೋಗಿ ಫೋನಿನಲ್ಲಿ ಎಲ್ಲವನ್ನೂ ಹೇಳುವುದು ಜಗುಲಿಗೆ ಕೇಳಿಸುತ್ತಿತ್ತು. ಎದೆ ಹಗುರಾಯಿತೆಂದು ಹೇಳಲಾರೆ. ಆದರೆ ಬೆನ್ನು ನೆಟ್ಟಗಾಯಿತು. ಅವರು ಹೊರಗೆ ಬಂದಾಗ ನಾನು ಟೇಪು ಚೀಲದಿಂದ ತೆಗೆದಿರಲಿಲ್ಲ.

"ಇದರ ಹೆಸರೇನ್ರಿ?" ಎಂದೆ.

"ರಾಣಿ."

ಅದರ ಎದುರು ನೆಲದ ಮೇಲೆ ಕೂತು, ಯಾವ ಕಡೆ ಭಾರ ಹಾಕುತ್ತದೆಂದು ನೋಡುತ್ತ, "ರಾಣಿ" ಎಂದು ಕರೆದೆ. ಅದು ತಲೆ ಎತ್ತಿತು. ಮುಂಗಾಲು ಎರಡನ್ನೂ ನೆಲಕ್ಕೆ ಊರಿತು.